ಕಾಮಿಡಿ ಮನುಷ್ಯನ ಸಾಕ್ಷಿ

ಇಂಗ್ಲಿಷಿನವರ ‘ಕಾಮಿಡಿ’ ನಾಟಕದಲ್ಲೋ ಸಿನಿಮಾದಲ್ಲೋ ಇರುತ್ತದಂತೆ. ನಮ್ಮ ಅಥಣಿ ಕಡೆ ಅದು ಮನುಷ್ಯನ ಮೈಗೆ ಅಂಟಿಕೊಳ್ಳುತ್ತದೆ. ಒಬ್ಬನ ಕಡೆ ಕೈಮಾಡಿ “ಅಂವಾ ಭಾಳ ಕಾಮಿಡಿ ಅದಾನ” ಅಂದರೆ ಅವನ ಕಥೆ ಮುಗಿಯಿತು. ಅವನಿಗೆ ಚಹಾ ಪುಕ್ಕಟೆ, ಮದುವೆ ಮನೆಯಲ್ಲಿ ಮುಂದಿನ ಖುರ್ಚಿ. ಆದರೆ ಹೊಲದ ವ್ಯವಹಾರಕ್ಕೆ ಕುಳಿತಾಗ ಅವನನ್ನು ಯಾರೂ ಕೇಳುವುದಿಲ್ಲ. ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ “ಕಾಮಿಡಿ ಮಾಡಬ್ಯಾಡಲೇ” ಅಂದರೆ ನೀನು ಹೇಳುತ್ತಿರುವುದನ್ನು ನಾನು ನಂಬುವುದಿಲ್ಲ ಅಂತ. ನಿಪ್ಪಾಣಿಯವರು ಇದನ್ನೇ ಮರಾಠಿಯಲ್ಲಿ ಹೇಳುತ್ತಾರೆ. ಆಗ ಅವಮಾನಕ್ಕೂ ಒಂದಿಷ್ಟು ಗತ್ತು ಬರುತ್ತದೆ.

ನಾನು ಆ ಬಿರುದನ್ನು ದುಡಿದು ಗಳಿಸಿದವನು. ರಾಯಬಾಗದ ಮಾವನ ಹಲ್ಲಿನ ಸೆಟ್ಟು ಮಾತಿನ ನಡುವೆ ಸಡಿಲಾಗುವುದು, ಕಾಗವಾಡದ ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವಾಗ ದೇವರ ಕಡೆ ನೋಡುವುದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಹೆಣ್ಣು ನೋಡಲು ಹೋದಾಗ ನಾನೇ ಉಪ್ಪಿಟ್ಟು ನುಂಗಲಾರದೆ ಕುಳಿತದ್ದನ್ನೂ ಮಾಡುತ್ತೇನೆ. ಅದಕ್ಕೆ ಜನ ಹೆಚ್ಚು. ಕಷ್ಟವೆಂದರೆ, ಯಾರ ಮಾತನ್ನು ಹೇಳಹೊರಟರೂ ಅದು ಅವರ ದನಿಯಲ್ಲೇ ಬಂದುಬಿಡುತ್ತದೆ. ನನ್ನ ದನಿ ಅಲ್ಲಿ ಇರುವುದೇ ಇಲ್ಲ. ಅಪ್ಪನಿಗೆ ಹೆಚ್ಚು ದಿನ ಇಲ್ಲವೆಂದು ಡಾಕ್ಟರ್ ಹೇಳಿದ್ದನ್ನು ಅವ್ವನಿಗೆ ಮುಟ್ಟಿಸುವಾಗಲೂ ಡಾಕ್ಟರಂತೆ ಮೂಗಿನಲ್ಲೇ ಹೇಳಿದ್ದೆ. ಅವ್ವ ಅಳುತ್ತಲೇ ನಕ್ಕಳು. ಆಮೇಲೆ ನಕ್ಕದ್ದಕ್ಕಾಗಿ ಮತ್ತೆ ಅತ್ತಳು.

ಅಥಣಿಯಿಂದ ಅನಂತಪುರ ಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ದ್ರಾಕ್ಷಿ ಪಡ, ಅಂದರೆ ತೋಟ, ಇತ್ತು. ಅಣ್ಣ ಕಬ್ಬು, ಟ್ರ್ಯಾಕ್ಟರ್ ನೋಡಿಕೊಂಡರೆ ನಾನು ಅಪ್ಪನ ಹಿಂದೆ ಪಡದಲ್ಲಿರುತ್ತಿದ್ದೆ. ಮಳೆಗಾಲ ಮುಗಿಯುತ್ತಲೇ ಬಳ್ಳಿ ಕತ್ತರಿಸುವುದಕ್ಕೆ ನಮ್ಮಲ್ಲಿ ಚಾಟ್ನಿ ಅನ್ನುತ್ತಾರೆ. ಕಡ್ಡಿಯ ಮೇಲೆ ಚಿಗುರೊಡೆಯುವ ಯಾವ ಕಣ್ಣು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಅಪ್ಪ ಬಾಯಿಂದ ಹೇಳಿದವನಲ್ಲ. ನಾನು ತಪ್ಪು ಕಡೆ ಕತ್ತರಿ ಒಯ್ದರೆ ಕೆಮ್ಮುತ್ತಿದ್ದ. ಆ ಕೆಮ್ಮನ್ನೂ ನಾನು ಕಲಿತೆ. ಅವನ ಕೊನೆಯ ಚಾಟ್ನಿಯಲ್ಲಿ, ಬದುವಿನ ಮೇಲೆ ಕುಳಿತು ಅಂದಿದ್ದ: “ಏ ತಮ್ಮಾ, ಈ ಪಡಾ ನಿಂದ ನೋಡ. ನಿಮ್ಮಣ್ಣ ಕಬ್ಬಿನಾಂವ. ಬಳ್ಳಿ ಸಂಕಟ ಅಂವಗ ತಿಳಿಯಂಗಿಲ್ಲ.”

ಅಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ.

ಅಪ್ಪ ಹೋದ ಮರುವರ್ಷ ವಾಟ್ನಿಗೆ, ಅಂದರೆ ಆಸ್ತಿ ಪಾಲಿಗೆ, ಹಿರಿಯರು ಪಡಸಾಲೆಯಲ್ಲಿ ಕುಳಿತರು. ಅಪ್ಪನ ದೊಡ್ಡಣ್ಣ, ನಮ್ಮ ದೊಡ್ಡಪ್ಪ, ಗೋಡೆಗೆ ಒರಗಿದ್ದ. ಪಡ ತನಗೆ ಬೇಕೆಂದು ಅಣ್ಣ ಅಂದ. ಅಪ್ಪ ಅದು ನನ್ನದೆಂದು ಹೇಳಿದ್ದಾನೆ ಎಂದೆ ನಾನು. ನಮ್ಮಲ್ಲಿ ಸತ್ತವನ ಮಾತಿಗೆ ಕಾಗದ ಕೇಳುವುದಿಲ್ಲ. ದೇವರ ಭಂಡಾರ ಮುಟ್ಟಿ ಹೇಳಿದರೆ ಸಾಕು. ಆ ಅರಿಶಿಣದ ಪುಡಿ ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ. ಅವ್ವ ಬಟ್ಟಲು ತಂದಿಟ್ಟಳು.

“ಮುಟ್ಟು. ನಿಮ್ಮಪ್ಪ ಏನಂದಾನ, ಇದ್ದಂಗ ಹೇಳು,” ಎಂದ ದೊಡ್ಡಪ್ಪ.

ಮುಟ್ಟಿದೆ. ಇದ್ದ ಹಾಗೆ ಹೇಳಿದೆ. ಮೊದಲು ಕೆಮ್ಮು ಬಂತು. ಆಮೇಲೆ ಆ ಒಡಕು ದನಿ, ‘ಏ ತಮ್ಮಾ’ ಎನ್ನುವಾಗಿನ ಆ ಎಳೆತ. ಬಲಗೈ ತಾನಾಗಿಯೇ ಅಪ್ಪನಂತೆ ಮೊಣಕಾಲು ಸವರತೊಡಗಿತ್ತು. ನಾನು ಬೇಕೆಂದು ಮಾಡಿದ್ದಲ್ಲ. ‘ಬಳ್ಳಿ ಸಂಕಟ’ ಅನ್ನುವಷ್ಟರಲ್ಲಿ ಹಿಂದೆ ಕುಳಿತವರೊಬ್ಬರು ಬಾಯಿಗೆ ಟವೆಲ್ ಒತ್ತಿಕೊಂಡರು. ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು. ದೊಡ್ಡಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ.

“ನನ್ನ ತಮ್ಮನ್ನ ತಂದ ಎದುರಿಗೆ ಕುಂದರಿಸಿದಿ ನೋಡಪಾ. ಥೇಟ ಅಂವನ.”

“ದೊಡ್ಡಪ್ಪಾ, ನಾ ಖರೇನ ಹೇಳಾಕತ್ತೇನಿ. ಭಂಡಾರ ಮುಟ್ಟೇನಿ.”

“ಹೌದಪಾ, ಮುಟ್ಟಿದಿ. ಆದ್ರ ದೇವ್ರ ಮುಂದನೂ ಕಾಮಿಡಿ ಬಿಡಲಿಲ್ಲ ನೀ.”

“ಇಂವಾ ಮೊನ್ನೆ ನನ್ನ ದನಿಯೊಳಗ ನನ್ನ ಹೇಣ್ತಿಗೆ ಫೋನ್ ಮಾಡಿ ಸೀರಿ ತರ್ತೇನಿ ಅಂದಾನ್ರಿ,” ಎಂದ ಅಣ್ಣ. “ಅಪ್ಪ ಹಂಗ ಅಂದಿದ್ರ ನನ್ನ ಮುಂದ ಅಂತಿರಲಿಲ್ಲೇನ್ರಿ?”

ಫೋನಿನ ಮಾತು ನಿಜ. ಸೀರೆ ತರದೆ ಅಣ್ಣ ಎರಡು ದಿನ ಬೈಸಿಕೊಂಡಿದ್ದ. ಮತ್ತೆ ನಗು. ನಗುವಿನ ನಡುವೆಯೇ ಪಡ ಅಣ್ಣನ ಪಾಲಾಯಿತು, ಕಾಲುವೆ ಬದಿಯ ಕಬ್ಬಿನ ಹೊಲ ನನ್ನದಾಯಿತು. ಯಾರೂ ನನಗೆ ಮೋಸ ಮಾಡಲಿಲ್ಲ. ಎಲ್ಲರೂ ಬೆನ್ನು ತಟ್ಟಿ, ಭಾಳ ದಿನಕ್ಕೆ ಹಿಂಗ ನಕ್ಕಿವಿ ಎಂದು ಹರಸಿ ಊಟಕ್ಕೆ ಎದ್ದರು.

ನಗದೆ ಕುಳಿತವಳು ಅವ್ವ ಒಬ್ಬಳೇ. ಎಲ್ಲರೂ ಹೋದ ಮೇಲೆ ಭಾಂಡಿ ತೊಳೆಯುತ್ತ ಕೇಳಿದಳು.

“ಅಂವಾ ಖರೇನ ಅಂದಿದ್ದಾ?”

“ಅಂದಿದ್ದ ಬೇ.”

“ಅಂವನ ದನಿ ಬ್ಯಾಡ. ನಿನ್ನ ದನಿಯೊಳಗ ಹೇಳು, ಕೇಳೂನು.”

ಪ್ರಯತ್ನಪಟ್ಟೆ. ಕೆಮ್ಮನ್ನು ನುಂಗಿದೆ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಪಾಠ ಒಪ್ಪಿಸುವವನ ಹಾಗೆ, ಪಡ ನಿನ್ನದು ಎಂದು ಅಪ್ಪ ಹೇಳಿದನೆಂದು ಹೇಳಿದೆ. ಅವ್ವ ತಿಕ್ಕುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

“ಹಿಂಗ ಹೇಳಿದ್ರ ಸುಳ್ಳ ಅನಸ್ತೈತಲ್ಲೋ ತಮ್ಮಾ,” ಎಂದು ಭಾಂಡಿಯ ಕಡೆ ತಿರುಗಿದಳು.

ಈಗ ನೆಂಟರ ಮನೆಗಳಲ್ಲಿ ಅದು ನನ್ನ ದೊಡ್ಡ ಐಟಂ. ಹೆಸರಿಡುವುದಿರಲಿ, ಸೀಮಂತವಿರಲಿ, ಊಟವಾದ ಮೇಲೆ ಯಾರಾದರೂ “ಆ ಭಂಡಾರದ್ದ ಮಾಡೋ” ಎನ್ನುತ್ತಾರೆ. ಒಮ್ಮೆ ಒಲ್ಲೆನೆಂದೆ. ಇಂವಗ ಸೊಕ್ಕ ಬಂದೈತಿ ಎಂದರು. ಅದಾದ ಮೇಲೆ ಮಾಡುತ್ತಲೇ ಬಂದಿದ್ದೇನೆ, ಮತ್ತು ಸಂಕೋಚವಿಲ್ಲದೆ ಹೇಳಬೇಕೆಂದರೆ ಬಹಳ ಚೆನ್ನಾಗಿ ಮಾಡುತ್ತೇನೆ.

ಈ ಸಲ ಚಾಟ್ನಿಗೆ ಅಣ್ಣ ಫೋನ್ ಮಾಡಿದ. “ನೀನೂ ಬಾರಲೇ. ಹೆಣ್ಣಾಳಿಗೆ ಬ್ಯಾಸರಾಗತೈತಿ. ನೀ ಇದ್ರ ನಕ್ಕೋತ ಲಗೂನ ಮುಗಸ್ತಾರ.”

ಹೋದೆ. ಬಳ್ಳಿಗಳನ್ನು ನೋಡಬೇಕಿತ್ತು. ಕಣ್ಣುಗಳನ್ನು ತಪ್ಪಾಗಿ ತೆಗೆದಿದ್ದರು, ಕಡ್ಡಿಗಳನ್ನು ಎಲ್ಲೆಂದರಲ್ಲಿ ಕತ್ತರಿಸಿದ್ದರು. ಕತ್ತರಿ ತೆಗೆದುಕೊಂಡು ಬಾಯಿಮುಚ್ಚಿ ಒಂದು ಸಾಲು ಹಿಡಿದೆ. ಪಕ್ಕದ ಸಾಲಿನ ಹೆಂಗಸು ಒಂದು ಒಳ್ಳೆಯ ಕಣ್ಣಿನ ಮೇಲೆ ಕತ್ತರಿ ಇಟ್ಟಳು. ನಾನು ಕೈಯೆತ್ತಿ, “ಅಲ್ಲಿ ಬ್ಯಾಡ್ರಿ, ಬಳ್ಳಿ ಸಾಯ್ತೈತಿ” ಎಂದೆ. ನನ್ನದೇ ದನಿಯಲ್ಲಿ.

ಸಾಲುಸಾಲಿಗೆ ನಗು ಹರಡಿತು. ಅಣ್ಣ ದೂರದಿಂದಲೇ ಕೂಗಿ ಕೇಳಿದ, “ಯಾರ ದನಿಲೇ ಅದು?”