ದೊಣೆಯ ದಾರಿ

ಮಾನ್ವಿ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಮುಷರ್ರಫ್‌ನ ಮೊಬೈಲ್ ರಿಪೇರಿ ಅಂಗಡಿ ಇದೆ. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಬೆನ್ನ ಹಿಂದೆ ಕವರುಗಳನ್ನು ತೂಗುಹಾಕಿದ ಗೋಡೆ. ಬೆಳಗ್ಗೆ ಕೂತನೆಂದರೆ ಷಟರ್ ಎಳೆಯುವವರೆಗೆ ಅವನ ಕುತ್ತಿಗೆ ಬಗ್ಗಿದ್ದು ಬಗ್ಗಿದಂತೆಯೇ. ಅಕ್ಕಿಕಾಳಿಗಿಂತ ಸಣ್ಣ ತಿರುಪುಗಳನ್ನು ಹುಡುಕಿ ಹುಡುಕಿ, ಎದುರಿಗೆ ನಿಂತ ಬಸ್ಸಿನ ಬೋರ್ಡು ಓದಲೂ ಕಣ್ಣು ಕಿರಿದು ಮಾಡಬೇಕಾಗುತ್ತಿತ್ತು. ಅಪ್ಪ ಅಮೀರ್ ಸಾಬ್ ಗಾದಿ ತುಂಬುವ ಕಸುಬಿನವರು. ಮಗನಾದರೂ ಅರಳೆಯ ಧೂಳಿನಿಂದ ಪಾರಾದನಲ್ಲ ಎಂಬುದು ಅವರ ಸಮಾಧಾನ. ಮಗನಿಗೆ ಮಾತ್ರ, ದಿನವಿಡೀ ತನ್ನ ಕಣ್ಣು ಒಂದು ಗೇಣಿನಾಚೆ ಹೋಗುವುದೇ ಇಲ್ಲವಲ್ಲ ಅನ್ನಿಸುತ್ತಿತ್ತು.

ಅವನನ್ನು ಗುಡ್ಡಕ್ಕೆ ಎಳೆದವನು ಯಂಕೋಬ. ಯಂಕೋಬ ದೇವದುರ್ಗದವನು, ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕ. ಇಬ್ಬರೂ ರಾಯಚೂರಿನಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದರು. ಆ ಕೋಣೆಗೆ ಮನೆಯಿಂದ ಊಟದ ಡಬ್ಬಿ ತಂದು ಹಂಚಿಕೊಳ್ಳುತ್ತಿದ್ದ ಮೂರನೆಯವನು ರಾಹಿಲ್, ರಾಯಚೂರು ಪೇಟೆಯ ಚಪ್ಪಲಿ ಅಂಗಡಿಯವರ ಮಗ. ಓದು ಮುಗಿದ ಮೇಲೆ ಮೂವರೂ ಮೂರು ಊರಾಗಿದ್ದರು. ಮದುವೆ, ಸಾವು ಬಿಟ್ಟರೆ ಭೇಟಿಯಿಲ್ಲ. ಈ ಬೇಸಿಗೆ ರಜೆ ಬಿದ್ದದ್ದೇ ಯಂಕೋಬ ಇಬ್ಬರಿಗೂ ಫೋನು ಮಾಡಿ, ಭಾನುವಾರಕ್ಕೊಂದು ಗುಡ್ಡ ಹತ್ತೋಣ, ಬಿಸಿಲೇರುವ ಮೊದಲೇ ಇಳಿದುಬಿಡೋಣ ಎಂದ. ಮೊದಲು ನಕ್ಕವರು ಆಮೇಲೆ ಒಪ್ಪಿದರು.

ರಾಯಚೂರಿನ ಕೋಟೆಗುಡ್ಡದಿಂದ ಶುರುವಾಯಿತು. ಊರು ಎದ್ದು ಚಹಾ ಕುಡಿಯುವ ಹೊತ್ತಿಗೆ ಮೂವರೂ ಮೇಲೆ ಕೂತು ರಾಹಿಲ್ ತಂದ ಮಂಡಕ್ಕಿ ಸೂಸ್ಲಾ ತಿಂದರು. ಆಮೇಲಿನ ವಾರಗಳಲ್ಲಿ ಹೆಸರಿಲ್ಲದ ಗುಡ್ಡಗಳು, ಒಂದರ ಮೇಲೊಂದು ಯಾರೋ ಪೇರಿಸಿಟ್ಟಂಥ ಬಂಡೆಗಳು, ಅವುಗಳ ಸಂದಿಯಲ್ಲಿ ತೂರಿಕೊಂಡು ಹೋದರೆ ಬಾವಲಿಗಳ ವಾಸನೆ, ಹೊರಬಿದ್ದರೆ ದೂರದಲ್ಲಿ ಕೃಷ್ಣೆಯ ಬೆಳ್ಳಗಿನ ಗೆರೆ. ಮುಷರ್ರಫ್‌ನ ಅಂಗೈ ತರಚುತ್ತಿತ್ತು. ಆದರೆ ಸೋಮವಾರ ಅಂಗಡಿಯಲ್ಲಿ ಕೂತಾಗ ಅವನ ಕಣ್ಣಲ್ಲಿ ಇನ್ನೂ ಆ ದೂರವೇ ಇರುತ್ತಿತ್ತು. ಭಾನುವಾರಕ್ಕಾಗಿ ಕಾಯುವುದು ಅವನಿಗೆ ಚಟವಾಯಿತು.

ತಿಮ್ಮವ್ವ ಸಿಕ್ಕಿದ್ದು ಹದ್ದಿನಗುಡ್ಡದಲ್ಲಿ. ಅದು ಯಂಕೋಬನ ತಾಯಿಯ ತವರಿನ ಹತ್ತಿರದ ಗುಡ್ಡ, ದೇವದುರ್ಗದಿಂದ ಬೈಕಿನಲ್ಲಿ ಹೋಗಿ, ಹೊಲದ ಬದುವಿನಲ್ಲಿ ಬೈಕು ಬಿಟ್ಟು ನಡೆಯಬೇಕು. ಅವತ್ತು ಹೊರಡುವುದು ತಡವಾಗಿ, ಅರ್ಧ ಹತ್ತುವಷ್ಟರಲ್ಲಿ ತಂದಿದ್ದ ನೀರೆಲ್ಲ ಮುಗಿದುಹೋಗಿತ್ತು. ಬಂಡೆ ಕಾಯತೊಡಗಿತ್ತು. ಆಗ ಮೇಲಿನಿಂದ ಆಡುಗಳ ಸದ್ದು ಕೇಳಿಸಿತು. ಹಿಂದೆಯೇ ತಲೆಗೆ ಟವೆಲು ಸುತ್ತಿದ ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಯಂಕೋಬ ತನ್ನ ತಾಯಿಯ ಹೆಸರು ಹೇಳಿದ ಮೇಲೆ ಅವಳ ಮುಖ ಸಡಿಲಾಯಿತು. ನೀರು ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದ್ದಕ್ಕೆ ಅವಳು ಹಿಂದೆ ಬರುವಂತೆ ಕೋಲಿನಿಂದ ಸನ್ನೆ ಮಾಡಿ ಮುಂದೆ ನಡೆದಳು.

ಎರಡು ದೊಡ್ಡ ಬಂಡೆಗಳ ನಡುವೆ ಮೈ ಅಡ್ಡ ಮಾಡಿ ನುಸುಳಿದರೆ ಒಳಗೆ ತಂಪು. ಒಂದು ಬಸರಿಮರ ಬಂಡೆಯನ್ನು ಬೇರುಗಳಿಂದ ತಬ್ಬಿ ನಿಂತಿತ್ತು. ಅದರ ನೆರಳಲ್ಲಿ, ಕಲ್ಲು ತಾನಾಗಿಯೇ ಬಟ್ಟಲಾದ ಹಾಗೆ ಒಂದು ದೊಣೆ. ಅದರ ತುಂಬ, ತಳದ ಹರಳು ಕಾಣುವಷ್ಟು ತಿಳಿಯಾದ ಮಳೆನೀರು. ಏಪ್ರಿಲ್ ಮುಗಿಯುವ ಹೊತ್ತಿಗೆ ಆ ಸೀಮೆಯಲ್ಲಿ ಅಂಥ ನೀರು ಇರಲು ಸಾಧ್ಯವೆಂದು ಮುಷರ್ರಫ್ ಎಣಿಸಿರಲೇ ಇಲ್ಲ. ಮೂವರೂ ಬೊಗಸೆಯಲ್ಲಿ ಕುಡಿದರು. ರಾಹಿಲ್ ಕಾಲು ಇಳಿಬಿಡಲು ಹೋದಾಗ ತಿಮ್ಮವ್ವ ಬೇಡವೆಂದು ಕೋಲು ಅಡ್ಡ ಹಿಡಿದಳು. ಆಡುಗಳಿಗೆ ಅವಳು ಬೋಗುಣಿಯಲ್ಲಿ ಮೊಗೆದು, ಬದಿಯ ಸಣ್ಣ ಕುಳಿಗೆ ಸುರಿಯುತ್ತಿದ್ದಳು. ದೊಣೆಗೆ ಅವುಗಳ ಬಾಯಿಯನ್ನೂ ಹಾಕಿಸುತ್ತಿರಲಿಲ್ಲ.

ಇಳಿಯುವಾಗ ಅವಳು ಹೇಳಿದ್ದು ಇಷ್ಟೇ: "ಯಾರಿಗೂ ಹೇಳಬ್ಯಾಡ್ರಪಾ. ಬ್ಯಾಸಗಿಗೆ ನನ್ನ ಆಡಿಗೆ ಇದೊಂದ ನೀರು. ಮಂದಿ ಬಂದ್ರ ಉಳಿಯಂಗಿಲ್ಲ."

ಇಲ್ಲ ಯವ್ವಾ ಎಂದು ಮೂವರೂ ಅಂದರು. ಎಲ್ಲರಿಗಿಂತ ಮೊದಲು ಅಂದವನು ಮುಷರ್ರಫ್.

ಅವನು ಮೊಬೈಲಿನಲ್ಲಿ ಆ ದೊಣೆಯ ವಿಡಿಯೋ ಹಿಡಿದಿದ್ದ. ಎಲೆಗಳ ನಡುವಿನಿಂದ ಬಿದ್ದ ಬಿಸಿಲು ನೀರಿನ ತಳದಲ್ಲಿ ಅಲುಗಾಡುತ್ತಿತ್ತು. ಆ ವಾರವೆಲ್ಲ ಗಿರಾಕಿ ಇಲ್ಲದಾಗ ಅದನ್ನೇ ತೆಗೆದು ನೋಡಿದ. ಊರಿನ ಹೆಸರು ಹಾಕದಿದ್ದರೆ ಆಯಿತಲ್ಲ ಎಂದುಕೊಂಡು ಒಂದು ಮಧ್ಯಾಹ್ನ ಇನ್‌ಸ್ಟಾಗ್ರಾಮಿಗೆ ಏರಿಸಿದ. ಅದುವರೆಗೆ ಅವನು ಹಾಕಿದ್ದನ್ನು ನೋಡುತ್ತಿದ್ದವರು ಅತ್ತೆ-ಮಾವಂದಿರ ಮಕ್ಕಳು ಮಾತ್ರ. ಇದು ಸಂಜೆಯೊಳಗೆ ಎಲ್ಲಿಂದೆಲ್ಲಿಗೋ ಹರಿಯಿತು. ನಮ್ಮ ಜಿಲ್ಲೆಯಲ್ಲಿ ಇಂಥ ಜಾಗ ಉಂಟೇ ಎಂದು ಒಬ್ಬ, ಸುಳ್ಳು, ಇದು ಮಲೆನಾಡು ಎಂದು ಇನ್ನೊಬ್ಬ. ಆ ಸುಳ್ಳು ಎಂಬ ಮಾತು ಮುಷರ್ರಫ್‌ನನ್ನು ಚುಚ್ಚಿತು. ತಾನು ಕಣ್ಣಾರೆ ಕಂಡದ್ದು, ಬೊಗಸೆಯಲ್ಲಿ ಕುಡಿದದ್ದು. ಅವನು ಗುಡ್ಡದ ಹೆಸರು ಬರೆದ. ದಾರಿ ಕೇಳಿದವರಿಗೆ ದಾರಿ ಹೇಳಿದ. ಹೊಲದ ಬದು, ಬೇವಿನಮರ, ಎರಡು ಬಂಡೆಗಳ ಸಂದಿ, ಒಂದನ್ನೂ ಬಿಡದೆ, ಖುಷಿಯಿಂದ. ತಿಮ್ಮವ್ವನ ಮಾತು ಅವನಿಗೆ ನೆನಪಿಲ್ಲದೆ ಇರಲಿಲ್ಲ. ಹೋದರೆ ನಾಲ್ಕು ಜನ ಹೋದಾರು ಎಂದು ಅದನ್ನು ಬದಿಗೆ ಸರಿಸಿದ.

ಮುಂದಿನ ಎರಡು ಭಾನುವಾರ ಮದುವೆಗಳಿದ್ದವು, ಗುಡ್ಡಕ್ಕೆ ಹೋಗುವುದು ಆಗಲಿಲ್ಲ. ಆಮೇಲೆ ಯಂಕೋಬನ ಫೋನು ಬಂತು. ಹದ್ದಿನಗುಡ್ಡದ ಕೆಳಗೆ ಬೈಕುಗಳು ನಿಲ್ಲಲು ಜಾಗವಿಲ್ಲ, ಕಾರುಗಳೂ ಬಂದಿವೆ. ಹುಡುಗರು ದೊಣೆಯಲ್ಲಿ ಸೋಪು ಹಚ್ಚಿಕೊಂಡು ಈಜುತ್ತಾರೆ, ಬಂಡೆಯ ಮೇಲೆ ಕೇಕು ಕತ್ತರಿಸುತ್ತಾರೆ, ಬಸರಿಮರದ ಕೊಂಬೆ ಕಡಿದು ಕೋಳಿ ಸುಡುತ್ತಾರೆ. ಇಷ್ಟನ್ನೂ ಯಂಕೋಬ ಒಂದೇ ಉಸಿರಿಗೆ ಹೇಳಿದ. ಆಮೇಲೆ ಕೇಳಿದ: "ದಾರಿ ಹೇಳಿದವ ನೀನ ಅಲ್ಲೇನಲೇ?"

ಮುಷರ್ರಫ್ ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಆಕಿಗೆ ಗೊತ್ತಿಲ್ಲ. ನಾ ಹೇಳಂಗಿಲ್ಲ. ಹೇಳೋದಿದ್ರ ನೀನ ಬಂದು ಹೇಳು," ಎಂದು ಯಂಕೋಬ ಫೋನಿಟ್ಟ.

ಮುಷರ್ರಫ್ ವಿಡಿಯೋ ಅಳಿಸಿದ. ಅಳಿಸಿದ್ದರಿಂದ ಏನೂ ಆಗಲಿಲ್ಲ. ಅಷ್ಟರಲ್ಲಿ ಬೇರೆಯವರ ವಿಡಿಯೋಗಳು ಹತ್ತಾರು ಬಂದಿದ್ದವು. ಒಂದರಲ್ಲಿ ನೀರು ಬೂದು ಬಣ್ಣವಾಗಿ, ಅಂಚಿನಲ್ಲಿ ನೊರೆ ಕಟ್ಟಿತ್ತು. ರಾಹಿಲ್‌ನ ಹತ್ತಿರ ಹೇಳಿಕೊಂಡಾಗ ಅವನು, ನೀರು ಯಾರಪ್ಪನದೂ ಅಲ್ಲ, ನೀನೇನು ಅಲ್ಲಿ ಹೋಗಿ ಸೋಪು ತಿಕ್ಕಿದೆಯಾ ಎಂದು ಸಮಾಧಾನ ಹೇಳಿದ. ಆ ಸಮಾಧಾನವನ್ನು ಹಿಡಿದುಕೊಳ್ಳಲು ಮುಷರ್ರಫ್ ಎಷ್ಟು ನೋಡಿದರೂ ಅದು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಇವತ್ತು ಹೋಗಿ ಹೇಳಬೇಕು ಅನ್ನುವನು, ಅಂಗಡಿಯಲ್ಲಿ ಕೆಲಸ ತುಂಬಿದೆ ಅನ್ನುವನು. ಗಿರಾಕಿಯೊಬ್ಬ, ನೀವೇ ಅಲ್ಲವೇ ಆ ದೊಣೆ ತೋರಿಸಿದವರು ಎಂದು ಮೆಚ್ಚಿ ಕೇಳಿದ ದಿನ ಅವನಿಗೆ ಊಟ ಸೇರಲಿಲ್ಲ.

ಹೀಗೆ ದಿನ ದೂಡುತ್ತಿರುವಾಗ ಬಕ್ರೀದ್ ಹತ್ತಿರ ಬಂತು. ಗುಡ್ಡದ ಕಡೆಯ ಹೋತಗಳು ಗಟ್ಟಿ ಎಂದು ಅಮೀರ್ ಸಾಬ್ ಪ್ರತಿ ವರ್ಷ ದೇವದುರ್ಗದ ಸಂತೆಗೇ ಹೋಗುವವರು. ಈ ಸಲ ಮಗನನ್ನೂ ಕರೆದುಕೊಂಡು, ಒಂದು ಟಂಟಂ ಆಟೊ ಬಾಡಿಗೆಗೆ ಮಾಡಿಕೊಂಡು ಹೋದರು. ಸಂತೆಯ ಬಯಲಿನಲ್ಲಿ ಆಡುಗಳ ನಡುವೆ ನಡೆಯುತ್ತ ಅವರು ಒಂದು ಕರಿಯ ಹೋತದ ಮುಂದೆ ನಿಂತರು. ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನ ಮೇಲೆ ಕೈಯಾಡಿಸಿದರು. ಹಗ್ಗ ಹಿಡಿದು ನಿಂತಿದ್ದವಳು ತಿಮ್ಮವ್ವ.

ಮುಷರ್ರಫ್ ಅಪ್ಪನ ಬೆನ್ನ ಹಿಂದೆ ಸರಿಯುವಷ್ಟರಲ್ಲಿ ಅವಳು ನೋಡಿಬಿಟ್ಟಳು. ಯಂಕೋಬನ ಗೆಳೆಯನಲ್ಲವೇ ಎಂದು ಗುರುತು ಹಿಡಿದು ನಕ್ಕಳು. ಅವಳ ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಅಂಗಾಲು ಬಿರಿದಿತ್ತು.

"ಯವ್ವಾ, ಹೋತಕ್ಕ ವಯಸ್ಸೇನೋ ಆಗ್ಯದ. ಆದ್ರ ಎಲುಬು ಕೈಗೆ ಹತ್ತಾಕತ್ಯಾವ ನೋಡು," ಎಂದರು ಅಮೀರ್ ಸಾಬ್. ಅವರದು ಸಂತೆಯ ಮಾತು, ದರ ಇಳಿಸುವ ಮಾತು.

ತಿಮ್ಮವ್ವ ವಾದಿಸಲಿಲ್ಲ. ವರ್ಷವೆಲ್ಲ ಈ ಹಬ್ಬಕ್ಕೆಂದೇ ಹೋತಗಳನ್ನು ಬೆಳೆಸಿದ್ದು, ಈ ಸಲ ಗುಡ್ಡದ ಮೇಲೆ ಮಂದಿ ಕೂತರು, ನೀರು ಕೆಟ್ಟಿತು, ಕಾಲುವೆಯೂ ಬಂದ್, ದಿನಾ ಹೊಳೆಯ ತನಕ ಹೊಡೆದುಕೊಂಡು ಹೋಗಿ ಬಂದು ತಿಂದದ್ದೆಲ್ಲ ನಡೆದಾಟಕ್ಕೇ ಹೋಯಿತು ಎಂದು ಹೇಳಿದಳು. ಯಾರ ಮೇಲೂ ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಮಳೆ ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದಳು. ಅಮೀರ್ ಸಾಬ್ ಇನ್ನಷ್ಟು ಇಳಿಸಿ ಕೇಳಿದರು. ಅವಳು ಹೋತದ ಕುತ್ತಿಗೆ ತುರಿಸುತ್ತ ಮುಷರ್ರಫ್‌ನ ಕಡೆ ನೋಡಿದಳು.

"ನಿಮ್ಮ ಮಗ ಛಲೋ ಹುಡುಗ ಅದಾನ್ರಿ. ನಮ್ಮ ಯಂಕೋಬನ ಜೋಡಿ ಬಂದಾಂವ. ಅವನ ಮಾರಿ ನೋಡಿ ಕೊಡ್ತೀನಿ, ಹಿಡ್ಕೊಂಡು ಹೋಗ್ರಿ."

ಮುಷರ್ರಫ್ ಹಗ್ಗ ಇಸಿದುಕೊಂಡ.

ಟಂಟಂನ ಹಿಂದೆ ಅವನೂ ಹೋತವೂ. ರಸ್ತೆಯುದ್ದಕ್ಕೂ ಅದು ಅವನ ಮೊಣಕಾಲಿಗೆ ಒರಗಿ ನಿಂತಿತ್ತು, ಗುಂಡಿ ಬಂದಾಗಲೆಲ್ಲ ಅದರ ಪಕ್ಕೆಯ ಎಲುಬುಗಳು ಅವನ ಕಾಲಿಗೆ ತಾಗುತ್ತಿದ್ದವು. ಸಿರವಾರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಮೀರ್ ಸಾಬ್ ಖುಷಿಯಲ್ಲಿದ್ದರು, ಅಗ್ಗವಾಗಿ ಸಿಕ್ಕಿತೆಂದು ಡ್ರೈವರನಿಗೂ ಹೇಳಿದರು. ಮುಷರ್ರಫ್ ಚಹಾದ ಗ್ಲಾಸು ಕೆಳಗಿಟ್ಟು ಎಲ್ಲವನ್ನೂ ಹೇಳಿದ. ಮನೆಯ ಮಾತಿನಲ್ಲಿ, ತಲೆ ಎತ್ತದೆ, ದೊಣೆಯಿಂದ ಹಿಡಿದು ಸುಳ್ಳು ಎಂದವನಿಗೆ ದಾರಿ ಬರೆದುಕೊಟ್ಟವರೆಗೆ.

ಅಮೀರ್ ಸಾಬ್ ಹೋಗಿ ಹೋತದ ಪಕ್ಕೆಯ ಮೇಲೆ ಕೈಯಿಟ್ಟರು. ಬಯ್ಯುತ್ತಾರೆಂದು ಅವನು ಕಾದ. ಅವರು ಬಯ್ಯಲಿಲ್ಲ. ಒಬ್ಬರ ಹಕ್ಕು ಕಸಿದು ತಂದದ್ದನ್ನು ದೇವರ ಹೆಸರಿಗೆ ಹೇಗೆ ಕೊಡಲಿ ಎಂದಷ್ಟೇ ದಖ್ಖನಿಯಲ್ಲಿ ಕೇಳಿದರು. ತಾನು ಎಲುಬು ತೋರಿಸಿ ದರ ಇಳಿಸಿದ್ದು ಅವರಿಗೂ ಈಗ ನಾಟಿದಂತಿತ್ತು. ಆಮೇಲೆ ಡ್ರೈವರನ ಕಡೆ ತಿರುಗಿ, "ಗಾಡಿ ಹೊಳ್ಳಿಸಪಾ," ಎಂದರು.

ಸಂತೆ ಮುರಿಯುವ ಹೊತ್ತಾಗಿತ್ತು. ತಿಮ್ಮವ್ವ ಉಳಿದ ಆಡುಗಳನ್ನು ಕಟ್ಟಿಕೊಂಡು ನೆರಳಲ್ಲಿ ಕೂತಿದ್ದಳು. ಹೋತವನ್ನು ಮತ್ತೆ ಕಂಡು, ಏನಾದರೂ ಐಬು ಕಂಡಿತೇ ಎಂದು ಗಾಬರಿಯಿಂದ ಎದ್ದಳು.

"ಐಬು ಅದರದಲ್ಲ ಯವ್ವಾ, ನಂದು," ಎಂದ ಮುಷರ್ರಫ್. "ಮಂದಿಗೆ ದೊಣಿ ತೋರಿಸಿದವ ನಾನ. ಮೊಬೈಲಿನ್ಯಾಗ ಹಾಕಿ ದಾರಿ ಹೇಳೀನಿ."

ಅವಳು ಮೊದಲು ಅರ್ಥವಾಗದವಳಂತೆ ನೋಡಿದಳು. ನಂತರ ಅರ್ಥವಾಯಿತು. ಕೂಗಾಡಿದ್ದರೆ, ನಾಲ್ಕು ಜನ ಸೇರಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ.

"ನಾ ಹೇಳಿದ್ನಲ್ಲೋ ನಿಮಗ," ಎಂದಳು. ಅಷ್ಟೇ.

ಅಮೀರ್ ಸಾಬ್ ಅವಳು ಮೊದಲು ಹೇಳಿದ್ದ ದರಕ್ಕೆ ಕಡಿಮೆಯಾದ ಹಣವನ್ನು ಪೂರ್ತಿ ಮುಂದೆ ಹಿಡಿದರು. ಅವಳು ಬೇಡ ಅನ್ನಲಿಲ್ಲ, ದೊಡ್ಡ ಮನಸ್ಸು ಎಂದೂ ಹೇಳಲಿಲ್ಲ. ತನಗೆ ಬರಬೇಕಾದದ್ದನ್ನು ತೆಗೆದುಕೊಂಡಂತೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಡುವಾಗ ಹೋತದ ಬೆನ್ನು ಸವರಿದಳು. ಮುಷರ್ರಫ್‌ನ ಕಡೆ ನೋಡಲಿಲ್ಲ.

ಹಬ್ಬವಾದ ಮರುವಾರ ಮೂವರೂ ಹದ್ದಿನಗುಡ್ಡ ಹತ್ತಿದರು. ರಾಹಿಲ್ ತಾನಾಗಿಯೇ ಬಂದ, ಯಂಕೋಬ ದಾರಿಯುದ್ದಕ್ಕೂ ಅವಶ್ಯವಿದ್ದಷ್ಟೇ ಮಾತಾಡಿದ. ದೊಣೆಯ ನೀರು ಮೂಗು ಮುಚ್ಚಿಕೊಳ್ಳುವಂತಾಗಿ, ಬಂದವರೂ ಮುಖ ಸಿಂಡರಿಸಿ ಹಿಂತಿರುಗುತ್ತಿದ್ದರು. ಆ ನೀರನ್ನು ಪೂರ್ತಿ ಹೊರಹಾಕದೆ ಬೇರೆ ದಾರಿಯಿರಲಿಲ್ಲ. ಬಕೆಟ್ಟಿನಲ್ಲಿ ಮೊಗೆಮೊಗೆದು ಬಂಡೆಯ ಆಚೆಗೆ ಚೆಲ್ಲಿದರು. ತಿಂಗಳಾನುಗಟ್ಟಲೆ ಉಳಿದಿದ್ದ ಮಳೆನೀರು ಕಾದ ಕಲ್ಲಿನ ಮೇಲೆ ಕ್ಷಣದಲ್ಲಿ ಆರಿಹೋಗುವುದನ್ನು ಮುಷರ್ರಫ್ ನೋಡಿದ. ತಳದಲ್ಲಿ ಶಾಂಪೂ ಪ್ಯಾಕೆಟ್ಟು, ಒಡೆದ ಬಾಟಲಿ, ಸುಟ್ಟ ಕೊಂಬೆ. ಗಾಜಿನ ಚೂರುಗಳನ್ನು ಅವನು ಮೊಣಕಾಲೂರಿ, ಅಂಗಡಿಯಲ್ಲಿ ತಿರುಪು ಹೆಕ್ಕುವಷ್ಟೇ ಜಾಗರೂಕತೆಯಿಂದ ಒಂದೊಂದಾಗಿ ಹೆಕ್ಕಿದ. ಸಂಜೆಯ ಹೊತ್ತಿಗೆ ಬರಿಯ ಕಲ್ಲಿನ ಬಟ್ಟಲು ಉಳಿಯಿತು. ಕೆಳಗೆ ದೂರದಲ್ಲಿ ತಿಮ್ಮವ್ವ ಆಡುಗಳನ್ನು ಹೊಳೆಯ ಕಡೆಯಿಂದ ಹೊಡೆದುಕೊಂಡು ಬರುತ್ತಿದ್ದಳು. ಮೇಲೆ ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ಜೂನ್ ನಡುವಿನಲ್ಲಿ ಎರಡು ದೊಡ್ಡ ಮಳೆಯಾದವು. ದೊಣೆ ಅರ್ಧ ತುಂಬಿದೆಯಂತೆ ಎಂದು ಯಂಕೋಬ ತಿಳಿಸಿದ. ಶಾಲೆ ಶುರುವಾಗಿ ಅವನಿಗೆ ಬಿಡುವು ಕಡಿಮೆಯಾಯಿತು; ಬೇಸಿಗೆಯ ತಿರುಗಾಟ ಅಲ್ಲಿಗೆ ನಿಂತಿತು. ಕೆಲವರು ಇನ್ನೂ ಗುಡ್ಡಕ್ಕೆ ಬರುತ್ತಿದ್ದರು. ಅವರನ್ನು ತಡೆಯುವುದು ಮುಷರ್ರಫ್‌ನ ಕೈಯಲ್ಲಿರಲಿಲ್ಲ. ಮುಂದಿನ ಬೇಸಿಗೆಯಲ್ಲೂ ಬರುತ್ತಾರೆಂಬುದು ಅವನಿಗೆ ಗೊತ್ತಿತ್ತು, ಅದು ಗೊತ್ತಿದ್ದೇ ನಿದ್ದೆ ಮಾಡುವುದನ್ನು ಅವನು ರೂಢಿ ಮಾಡಿಕೊಳ್ಳಬೇಕಾಗಿತ್ತು.

ಜುಲೈಯಲ್ಲಿ ಒಂದು ದಿನ ತಿಮ್ಮವ್ವ ಯಂಕೋಬನ ಕೈಲಿ ಹೇಳಿಕಳಿಸಿದಳು. ಮಳೆಗೆ ಮೇಲಿನಿಂದ ಕೊಚ್ಚಿಬಂದ ಪ್ಲಾಸ್ಟಿಕ್ಕು ಬಂಡೆಯ ಸಂದಿಯಲ್ಲಿ ಸಿಕ್ಕಿ ದೊಣೆಗೆ ಬರುವ ನೀರನ್ನು ತಡೆದಿದೆ, ಒಳಗೆ ಇಳಿಯಲು ಸಣ್ಣ ಮೈಯವರು ಬೇಕು, ಆ ಮೊಬೈಲಿನವನನ್ನು ಕಳಿಸು ಎಂದಿದ್ದಳಂತೆ. ಮುಷರ್ರಫ್ ಗಿರಾಕಿಯ ಬಿಚ್ಚಿದ ಮೊಬೈಲನ್ನು ಡಬ್ಬಿಗೆ ಹಾಕಿಟ್ಟು, ನಾಳೆ ಬನ್ನಿ ಎಂದು ಹೇಳಿ ಷಟರ್ ಎಳೆದ.

ಅವನು ಸಂದಿಯಲ್ಲಿ ತಲೆಕೆಳಗಾಗಿ ಇಳಿದು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ಹಾಕುತ್ತಿದ್ದರೆ, ತಿಮ್ಮವ್ವ ಮೇಲೆ ನಿಂತು ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದಿದ್ದಳು. ಕ್ಷೇಮ ಕೇಳಲಿಲ್ಲ, ಹಳೆಯದನ್ನೂ ಎತ್ತಲಿಲ್ಲ.

"ಎಡಕ್ಕ ಇನ್ನೊಂದು ಸಿಕ್ಕೊಂಡದ ನೋಡು," ಎಂದಳು. ಅವನು ಎಡಕ್ಕೆ ಕೈ ಚಾಚಿದ.