ಸಾಲಿನ ಕೊನೆಯಲ್ಲಿ ನಡೆಯುವವನು

ನನ್ನ ಹಿಮ್ಮಡಿಯನ್ನು ನೀವು ನೋಡಿಲ್ಲ, ಅದು ನಿಮ್ಮ ಪುಣ್ಯ. ಬಚ್ಚಲ ಕಲ್ಲಿಗೆ ಉಜ್ಜಿದರೆ ಸವೆಯುವುದು ಕಲ್ಲೇ ಹೊರತು ಅದಲ್ಲ. ಅದರ ಬಿರುಕಿಗೆ ನಾಲ್ಕು ಕಾಳು ರಾಗಿ ಉದುರಿಸಿ ಒಂದು ಹದ ಮಳೆ ಬಿದ್ದರೆ ಪೈರು ಬಂದೀತು ಎನ್ನುತ್ತಾಳೆ ನನ್ನ ಹೆಂಡತಿ. ನಾನದನ್ನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ. ಚನ್ನಪಟ್ಟಣದ ಪಕ್ಕದ ನಮ್ಮೂರಿನಿಂದ ಪ್ರತಿ ಶಿವರಾತ್ರಿಗೂ ಮಾದಪ್ಪನ ಬೆಟ್ಟಕ್ಕೆ, ಸಾತನೂರು ಹಾಯ್ದು, ಕಾವೇರಿ ದಾಟಿ, ಆನೆ ತಿರುಗುವ ಕಾಡಿನೊಳಗೆ ಬರಿಗಾಲಲ್ಲಿ ನಡೆದ ಹಿಮ್ಮಡಿ ಇದು. ಊರಿನಲ್ಲಿ ಕೆಲವರಿಗೆ ಜಮೀನಿದೆ, ಕೆಲವರಿಗೆ ಮೀಸೆ ಇದೆ, ನನಗೆ ಹಿಮ್ಮಡಿ ಇದೆ.

ನಡೆಯುವುದೇನು ಮಹಾ ಎನ್ನುವವರು ಒಮ್ಮೆ ಬನ್ನಿ. ಹೊರಟ ದಿನ ಕಾಲು ನಿಮ್ಮ ಮಾತು ಕೇಳುತ್ತದೆ; ಮಾರನೆಯ ದಿನದಿಂದ ನೀವು ಅದರ ಮಾತು ಕೇಳಬೇಕು. ಮಧ್ಯಾಹ್ನದ ಡಾಂಬರು ರೊಟ್ಟಿಯ ಹೆಂಚಿನಂತೆ ಕಾದಿರುತ್ತದೆ. ಬೆವರಿಗೆ ತೊಡೆಸಂದು ಸುಲಿದು, ಊರಲ್ಲಿ ಎದೆಯುಬ್ಬಿಸಿ ಓಡಾಡುವ ಗಂಡಸರೆಲ್ಲ ಈಗಷ್ಟೇ ನಡೆ ಕಲಿತ ಕೂಸುಗಳ ಹಾಗೆ ಕಾಲಗಲಿಸಿ ಹೆಜ್ಜೆ ಇಡುತ್ತಾರೆ. ದಾರಿಯುದ್ದಕ್ಕೂ ಪುಣ್ಯಾತ್ಮರು ಮಜ್ಜಿಗೆ, ಪಾನಕ, ಮೊಸರನ್ನ ಇಟ್ಟುಕೊಂಡು ಕೂಗಿ ಕರೆಯುತ್ತಾರೆ; ಕೂತು ಉಣ್ಣುವುದು ಸುಲಭ, ಏಳುವಾಗ ಮಂಡಿ ಕೇಳುವ ಪ್ರಶ್ನೆಗೆ ಮಾತ್ರ ಯಾರಲ್ಲೂ ಉತ್ತರವಿರುವುದಿಲ್ಲ.

ಈ ಸಂಕಟವನ್ನು ನಾನೊಂದು ಕಲೆಯಾಗಿ ಬೆಳೆಸಿಕೊಂಡಿದ್ದೆ. ಎಲ್ಲರೂ ಸುಸ್ತಾದ ಹೊತ್ತು ನೋಡಿ, ಒಳ್ಳೆಯ ಹುಣಸೆಮರದ ನೆರಳು ನೋಡಿ, ‘ಅಯ್ಯಯ್ಯೋ, ಸತ್ನಲ್ಲಪ್ಪೋ’ ಎಂದು ಕಾಲು ಹಿಡಿದು ಬೀಳುತ್ತಿದ್ದೆ. ಒಬ್ಬ ಎಣ್ಣೆ ತಿಕ್ಕುವನು, ಒಬ್ಬ ಟವಲಿನಲ್ಲಿ ಗಾಳಿ ಬೀಸುವನು, ಇನ್ನೊಬ್ಬ ಎಲ್ಲಿಂದಲೋ ಎಳನೀರು ತರುವನು. ಎಳನೀರಿನ ಕೊನೆಯ ಹನಿ ಗಂಟಲಿಗಿಳಿದ ಮೇಲೆ ಹಗ್ಗ ಬಿಚ್ಚಿದ ಕರುವಿನಂತೆ ಎದ್ದು ಓಡುತ್ತಿದ್ದೆ. ಬೈಯುತ್ತಿದ್ದರು, ನಗುತ್ತಿದ್ದರು, ಮರುವರ್ಷ ಮತ್ತೆ ಮೋಸಹೋಗುತ್ತಿದ್ದರು. ಇಂಥ ನಟ ಈ ಸೀಮೆಯಲ್ಲಿ ಹುಟ್ಟಿಲ್ಲ, ಸ್ವಾಮಿ.

ಮೋಸಹೋಗದವನು ಒಬ್ಬನೇ, ಬೋರೇಗೌಡ. ಪಕ್ಕದ ಮನೆಯವನು, ನನ್ನ ವಾರಗೆಯವನು, ಮಾತು ಕಡಿಮೆ. ತಂಡದ ಮುಂದೆ ನಾನು, ಕೊಟ್ಟಕೊನೆಗೆ ಅವನು. ನಾನು ನಾಟಕವಾಡಿ ಬಿದ್ದರೆ ದಾರಿಗೆ ಅಡ್ಡಬಿದ್ದ ಸೌದೆಯನ್ನು ದಾಟಿದ ಹಾಗೆ ದಾಟಿಕೊಂಡು ಹೋಗುತ್ತಿದ್ದ. ನಿಜವಾಗಿ ಮುಳ್ಳು ಹೊಕ್ಕ ದಿನ ನಾನು ತುಟಿ ಬಿಚ್ಚುವ ಮೊದಲೇ ಬಂದು ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತಿದ್ದ.

“ನಿಂಗೆಂಗ್ಲಾ ಗೊತ್ತಾಯ್ತದೆ?” ಎಂದು ಒಮ್ಮೆ ಕೇಳಿದ್ದೆ.

“ನಿನ್ ಬಾಯ್ನ ಯಾವನ್ಲಾ ನಂಬ್ತಾನೆ?” ಎಂದಿದ್ದ.

ಹೋದ ದಸರೆಯ ಹೊತ್ತಿಗೆ ಬೋರ ತೀರಿಕೊಂಡ. ಈ ಸಲ ಹೊರಡುವಾಗ ನಮ್ಮ ತಂಡದ ಮುಂದಾಳು ಶಿವಣ್ಣ, “ದೊಡ್ಡಪ್ಪ, ನೀನು ಬಸ್ಸಲ್ ಬಂದ್ಬುಡು, ಬೆಟ್ಟದ್ ತಾವ ಸಿಗಾನ” ಎಂದ. ಪ್ರೀತಿಯಿಂದಲೇ ಅಂದ. ಆದರೆ ನಮ್ಮೂರಿನ ಕಟ್ಟಳೆ ನನಗೆ ಗೊತ್ತು: ಒಮ್ಮೆ ಬಸ್ಸು ಹತ್ತಿದವನನ್ನು ಮರುವರ್ಷದಿಂದ ಯಾರೂ ನಡೆಯಲು ಕರೆಯುವುದಿಲ್ಲ. ಹೊರಡುವವರ ಕೊರಳಿಗೆ ಹೂವಿನ ಹಾರ ಹಾಕಿ ಕಳಿಸುವ ಹಿರಿಯನನ್ನಾಗಿ ಮಾಡಿಬಿಡುತ್ತಾರೆ. ಹಾರ ಹಾಕಲು ನನಗೆ ಮನಸ್ಸಿರಲಿಲ್ಲ. “ನಿಮ್ಗಿಂತ ಮುಂಚೆ ಹೊಳೆ ದಾಟಿರ್ತೀನಿ ಕಣ್ರಲಾ” ಎಂದು ಜಂಬ ಕೊಚ್ಚಿಕೊಂಡು ಹೊರಟೆ.

ಹೊಳೆಗೆ ಇನ್ನೇನು ಇಳಿಯಬೇಕು, ಕಲ್ಲಿನ ಇಳಿಜಾರಿನಲ್ಲಿ ನನ್ನ ಬಲಮಂಡಿ ಕೀಲು ಕಳಚಿದ ಬಾಗಿಲಿನಂತೆ ಒಮ್ಮೆಲೇ ವಾಲಿತು. ಕಣ್ಣಿಗೆ ಕತ್ತಲು ಬಂತು. ಒಂದು ಬಂಡೆಯ ಮೇಲೆ ಕುಸಿದು, “ಒಸಿ ನಿಲ್ರಲಾ, ಆಯ್ತಾ ಇಲ್ಲ” ಎಂದೆ.

“ಶುರುವಾಯ್ತು ನೋಡ್ರಪ್ಪೋ!” ಶಿವಣ್ಣ ಕೈತಟ್ಟಿದ. “ಇನ್ನೂ ಯಾಕ್ ಬಿದ್ದಿಲ್ಲ ಅಂತ ನಾನೇ ನೋಡ್ತಿದ್ದೆ. ಎಳನೀರ್ ಬೇಕಾ ದೊಡ್ಡಪ್ಪ?”

“ದಿಟವಾಗ್ಲೂ ಕಣ್ಲಾ.”

“ಹೋದ್ಸಲನೂ ದಿಟವಾಗ್ಲೂ ಅಂತಾನೇ ಅಂದಿದ್ದೆ!”

ಉಘೇ ಮಾದಪ್ಪ ಎಂದು ಕೂಗುತ್ತ, ನಗುತ್ತ ಇಳಿದು ಹೋದರು. ಅವರ ನಗುವಿನಲ್ಲಿ ಎಳ್ಳಷ್ಟೂ ಕೇಡಿರಲಿಲ್ಲ. ಇದ್ದಿದ್ದರೆ ಬೈದು ಹಗುರಾಗಬಹುದಿತ್ತು.

ಗೆಳೆಯರೇ, ಶಿವರಾತ್ರಿಯ ಆ ದಾರಿಯಲ್ಲಿ ಒಂಟಿಯಾಗುವುದು ಸುಲಭವಲ್ಲ. ಇರುವೆ ಸಾಲಿನಂತೆ ಜನ. ಒಬ್ಬರ ಉಸಿರು ಇನ್ನೊಬ್ಬರ ಬೆನ್ನಿಗೆ ತಾಕುತ್ತದೆ. ಅಷ್ಟು ಜನರ ನಡುವೆ ಬಂಡೆಯ ಮೇಲೆ ಕೂತು, ನನ್ನ ನಿಜವನ್ನೂ ಸುಳ್ಳನ್ನೂ ಬೇರೆ ಮಾಡಿ ಹೇಳಬಲ್ಲವನು ಈ ಭೂಮಿಯ ಮೇಲೆ ಇನ್ನಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಅವನಿಲ್ಲದ ಮೇಲೆ ನನ್ನ ನೋವು ನನಗೇ ಒಸಿ ಅನುಮಾನವಾಗತೊಡಗಿತು.

ಆಗ ತಲೆಯ ಮೇಲೆ ಗಂಟು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. ಕನಕಪುರದ ಕಡೆಯವಳಂತೆ.

“ಯಾಕ್ ಯಜಮಾನ್ರೇ, ಮೊಖ ಹಂಗ್ ಬಾಡೋಗೈತೆ? ಕಾಲಾ? ಹೊಳೆ ತಾವ ಜೀಪೈತೆ, ಆಗ್ದಿದ್ದೋರ್ನ ವಾಪಸ್ ಕಳುಸ್ತಾವ್ರೆ. ಹೋಗಿ ಹೇಳ್ಲಾ?”

ನೋಡಿದ ಕೂಡಲೇ ನಂಬಿದಳು, ಮಹಾತಾಯಿ! ನಾನು ಬೇಡಿದ್ದೂ ಅದನ್ನೇ. ಆದರೆ ಆ ನಂಬಿಕೆಯ ಹಿಂದೆಯೇ ಜೀಪು ನಿಂತಿತ್ತು; ಜೀಪಿನ ಹಿಂದೆ, ಮುಂದಿನ ವರ್ಷ ನಾನು ಹಿಡಿಯಬೇಕಾದ ಹಾರಗಳ ಬುಟ್ಟಿ.

“ಕಾಲಿಗೇನವ್ವ, ಕಲ್ಲಿದ್ದಂಗೈತೆ! ಹುಡುಗ್ರು ಒಸಿ ಮುಂದ್ಕೋಗ್ಲಿ ಅಂತ ಕುಂತಿವ್ನಿ. ನಾನ್ ಎದ್ರೆ ಅವ್ರ ಕೈಗ್ ಸಿಕ್ತೀನಾ?” ಎಂದು ಎದೆ ತಟ್ಟಿಕೊಂಡೆ.

ಅವಳು ನಕ್ಕು ನಡೆದಳು. ಅವಳ ಕಣ್ಣಿಗೆ ಕಾಣುವಷ್ಟು ದೂರ ಎದ್ದು ನೆಟ್ಟಗೆ ನಡೆದೆ. ಬಿದ್ದಂತೆ ನಟಿಸುವುದಕ್ಕಿಂತ ಬೀಳದಂತೆ ನಟಿಸುವುದು ಎಷ್ಟು ಕಷ್ಟ ಎಂದು ಈ ವಯಸ್ಸಿನಲ್ಲಿ ಕಲಿತೆ.

ಹೊಳೆಯಲ್ಲಿ ನೀರು ಸೊಂಟದ ತನಕ. ಅಡ್ಡಲಾಗಿ ಕಟ್ಟಿದ ಹಗ್ಗ ಹಿಡಿದು, ಪಾಚಿಗಲ್ಲುಗಳನ್ನು ಕಾಲ್ಬೆರಳಿನಿಂದ ತಡವುತ್ತ ಹೆಜ್ಜೆ ಇಟ್ಟೆ. ತಣ್ಣೀರು ಮಂಡಿಯ ನೋವನ್ನು ಒಂದು ಗಳಿಗೆ ಕಡ ತೆಗೆದುಕೊಂಡಿತು. ಪ್ರತಿವರ್ಷ ಇಲ್ಲಿ ಮಾತ್ರ ಬೋರ ಸಾಲಿನ ಕೊನೆ ಬಿಟ್ಟು ಬಂದು, ನನ್ನ ಹೆಗಲ ಟವಲಿನ ತುದಿ ಹಿಡಿದು ಹಿಂದೆ ಬರುತ್ತಿದ್ದ. ಈ ಸಲ ಹಿಂದಿನಿಂದ ಎಳೆತವಿರಲಿಲ್ಲ. ಟವಲು ಇದೆಯೋ ಇಲ್ಲವೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ.

ಆಚೆ ದಡದಲ್ಲಿ ಪಂಚೆ ಒಣಗಿಸುತ್ತಿದ್ದ ನಮ್ಮವರು ನನ್ನನ್ನು ಕಂಡು ಹೋ ಎಂದರು. “ನಾನೇಳ್ನಿಲ್ವಾ ನಾಟ್ಕ ಅಂತ!” ಎಂದ ಶಿವಣ್ಣ. ನಾನು ಒಂದು ಸುತ್ತು ಕುಣಿದೂ ತೋರಿಸಿದೆ. ಆ ಸುತ್ತಿನ ಬೆಲೆ ನನ್ನ ಮಂಡಿಗೆ ಗೊತ್ತು.

ಹೊರಟಾಗ ನಾನು ಮುಂದೆ ಹೋಗಲಿಲ್ಲ. ಕುಂಟುವುದು ಯಾರಿಗೂ ಕಾಣಬಾರದೆಂದು ಎಲ್ಲರನ್ನೂ ಬಿಟ್ಟು ಕೊನೆಯಲ್ಲಿ ನಿಂತೆ. ಅಲ್ಲಿಂದ ಯಾರ ಮುಖವೂ ಕಾಣುವುದಿಲ್ಲ, ಬರೀ ಕಾಲುಗಳು. ಯಾರದು ಎಳೆಯುತ್ತಿದೆ, ಯಾರದು ನೆಲಕ್ಕೆ ಹೆದರುತ್ತಿದೆ, ಯಾರು ಕೆಳಗೆ ನೋಯುವುದನ್ನು ಮೇಲೆ ಕೂಗಿ ಮರೆಸುತ್ತಿದ್ದಾರೆ, ಎಲ್ಲ ಬಯಲಾಗಿತ್ತು. ಬೋರನ ವಿದ್ಯೆಯೆಲ್ಲ ಇಷ್ಟೇ, ಆ ಜಾಗದ್ದು. ಎಲ್ಲರಿಗಿಂತ ಜೋರಾಗಿ ಉಘೇ ಎನ್ನುತ್ತಿದ್ದ ಶಿವಣ್ಣನ ಎಡ ಹಿಮ್ಮಡಿ ನೆಲವನ್ನೇ ಮುಟ್ಟುತ್ತಿರಲಿಲ್ಲ.

“ಲೇ ಶಿವಣ್ಣ, ಕುತ್ಕೊಳ್ಳಾ.”

“ಯಾಕ್ ದೊಡ್ಡಪ್ಪ, ಇನ್ನೊಂದ್ ನಾಟ್ಕನಾ?”

“ಈಗ ನಿಂದು ಕಣ್ಲಾ ನಾಟ್ಕ. ಕಾಲ್ ತೋರ್ಸು.”

ಹಿಮ್ಮಡಿಯಲ್ಲಿ ರೇಷ್ಮೆಗೂಡಿನಷ್ಟು ದಪ್ಪದ ನೀರುಗುಳ್ಳೆ. ನಮ್ಮ ಕಡೆಯವರು ಇದಕ್ಕೆಂದೇ ಸೂಜಿಗೆ ರೇಷ್ಮೆ ಎಳೆ ಪೋಣಿಸಿಟ್ಟುಕೊಂಡಿರುತ್ತಾರೆ; ಚರ್ಮ ಕೀಳದೆ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹಾಯಿಸಿ ಎಳೆಯನ್ನು ಒಳಗೇ ಬಿಟ್ಟರೆ ನೀರೆಲ್ಲ ಅದರ ಗುಂಟ ಇಳಿದುಹೋಗುತ್ತದೆ. ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಾಗೆಯೇ ಮಾಡಿದೆ. ಅವನು ಹಲ್ಲು ಕಚ್ಚಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

“ದೊಡ್ಡಪ್ಪ, ಆಗ ಬಂಡೆ ತಾವ... ನಿನ್ ಕಾಲು ದಿಟವಾಗ್ಲೂ ನೋಯ್ತಿತ್ತಾ?”

“ನಂದು ನಾಟ್ಕ ಕಣ್ಲಾ, ನಡಿ ನಡಿ.”

ಅವನು ನಕ್ಕು, ಎದ್ದು, ಓಡಿ ಸಾಲು ಸೇರಿಕೊಂಡ. ನಾನು ಸೂಜಿ ಒರೆಸುವ ನೆಪದಲ್ಲಿ ತಲೆ ತಗ್ಗಿಸಿ ಕೂತೆ. ಎಲ್ಲರ ಬೆನ್ನೂ ಅತ್ತ ತಿರುಗಿದ ಮೇಲೆ, ಪಕ್ಕದ ಮರವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಎದ್ದೆ.