ಹುಲಿಗವ್ವನ ಬಸುರಿ ತಾಳೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರಳಿ ಎಂಬ ಊರಿನಾಚೆಯ ಕಾಲುವೆಯ ದಂಡೆಯಲ್ಲಿ ಕಪ್ಪೆಗಳು ಕೂಗಿ ದಣಿದು ಈಗಷ್ಟೇ ಸುಮ್ಮನಾಗಿವೆ. ತಾಳೆ ತೋಟದ ಮೂಲೆಯಲ್ಲಿ ಒಂದು ತಿಪ್ಪೆ. ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಮುದುಕಿಯೊಬ್ಬಳು ಬಲಗೈಯನ್ನು ಮೊಣಕೈವರೆಗೆ ಗೊಬ್ಬರದೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡಿದ್ದಾಳೆ. ಒಳಗಿನಿಂದ ಯಾರೋ ಏನೋ ಹೇಳುತ್ತಿದ್ದಾರೆ, ಅದನ್ನು ಕೈಯಿಂದಲೇ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬಂತಿದೆ ಅವಳ ಮುಖ.

“ಏನು ನೋಡ್ತಿದ್ದೀರಿ?” ಎಂದು ಕೇಳಿದರೆ, ಕಣ್ಣು ತೆರೆಯದೆ ಹೇಳುತ್ತಾಳೆ: “ತಡೀರಿ ಅಕ್ಕಾರ. ಕಾವು ನೋಡಾಕ ಹತ್ತೀನಿ. ಕೂಸಿಗೆ ಎರಿಯೂ ನೀರಿನಂಗ ಇರಬೇಕು. ಸುಡಬಾರದು, ಆರಬಾರದು.”

ಕೈ ಹೊರತೆಗೆದು, ತಿಪ್ಪೆಯ ನೆತ್ತಿಗೆ ಒಂದು ತಂಬಿಗೆ ನೀರು ಚಿಮುಕಿಸಿ, ಮೇಲೆ ಭತ್ತದ ಹುಲ್ಲು ಹೊದಿಸುತ್ತಾಳೆ. ಹೊದಿಸಿದ ಮೇಲೆ ಅಂಗೈಯಿಂದ ಎರಡು ಸಲ ಮೆಲ್ಲಗೆ ತಟ್ಟುತ್ತಾಳೆ. ಮಲಗಿದ ಮಗುವಿನ ಬೆನ್ನು ತಟ್ಟುವ ಕೈ ಯಾವುದೆಂದು ಹೆಂಗಸರಿಗೆ ಹೇಳಬೇಕಾಗಿಲ್ಲ.

ಇವಳು ಹುಲಿಗವ್ವ. ಗಂಗಾವತಿಯ ವ್ಯಾಪಾರಿ ಕೊಟ್ರಬಸಪ್ಪನವರ ಈ ತೋಟವನ್ನು ಕಾಯುವವಳು, ಬೆಳೆಸುವವಳು, ಅದರಲ್ಲೇ ಒಂದು ಗುಡಿಸಲು ಹಾಕಿಕೊಂಡು ಬಾಳುವವಳು. ತಿಪ್ಪೆಯೊಳಗೆ ಹಳೆಯ ಸೀರೆಯ ಗಂಟಿದೆ. ಗಂಟಿನೊಳಗೆ ಶ್ರೀತಾಳೆಯ ಬೀಜಗಳಿವೆ. ಸುತ್ತಲಿನ ಊರುಗಳಲ್ಲಿ ಎಲ್ಲಿಯೂ ಇಲ್ಲದ, ಈ ತೋಟದಲ್ಲಿ ಒಂದೇ ಒಂದಿದ್ದ ಮರ ಅದು. ಆ ಮರ ಈಗ ಸತ್ತಿದೆ. ಗಂಟಿನಲ್ಲಿ ಏನಾದರೂ ಮೊಳೆತರೆ ಅದರ ವಂಶ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

“ಬಿಚ್ಚಿ ನೋಡಬಾರದೇ?”

“ಬಾಣಂತಿ ಕ್ವಾಣಿಗೆ ಘಳಿಗಿಗೊಮ್ಮೆ ಇಣುಕ್ತಾರೇನ್ರಿ? ಹುಣ್ಣಿವಿಗೊಮ್ಮೆ ಬಿಚ್ಚತೀನಿ. ಇವತ್ತ ಕಾರಹುಣ್ಣಿವಿ. ಗಿಡಕ್ಕ ನೀರು ಹಾಕಿ ಬರ್ತೀನಿ, ಆಮ್ಯಾಲ ನೋಡೂಣು. ಬರ್ರಿ.”

ಅವಳ ಹಿಂದೆ ನಡೆದರೆ ತೋಟ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಇಲ್ಲಿನ ಮರಗಳಿಗೆ ಅವಳು ಇಟ್ಟದ್ದೇ ಹೆಸರು. ಮೀನಿನ ಬಾಲದಂಥ ಎಲೆಯ ಬೈನಿಮರ ಅವಳ ಬಾಯಲ್ಲಿ ‘ಮೀನಬಾಲ’. ಅದರ ಹಣ್ಣು ಮುಟ್ಟಿದರೆ ಕೈಯೆಲ್ಲ ನವೆ. ಹಾಗಾಗಿ ಮೊದಲು ಕೈಗೆ ಎಣ್ಣೆ ಸವರಿಕೊಂಡು, ಹಣ್ಣನ್ನು ಬೂದಿ-ಮರಳಿನಲ್ಲಿ ತಿಕ್ಕಿ ಬೀಜ ಬಿಡಿಸುತ್ತಾಳೆ. ನಡುವಿನಲ್ಲಿ ಇಬ್ಭಾಗವಾಗಿ ಮೇಲೆ ಹೋದ ತಾಳೆ ‘ಕವಲಿ’. ದಂಟೆಲ್ಲ ಕುಂಕುಮದ ಬಣ್ಣವಿರುವುದು ‘ಕೆಂಪಿ’. ಬೇಲಿಯ ಬಳಿ ಹಬ್ಬಿದ ಬೆತ್ತದ ಮೆಳೆ, ಪಕ್ಕದಲ್ಲಿ ಹಾದವರ ಬಟ್ಟೆಗೆ ಮುಳ್ಳು ಸಿಕ್ಕಿಸುವುದರಿಂದ, ‘ಸೆರಗ ಹಿಡಿಯಾಕಿ’.

“ಈಕಿ ಗಂಡಸರ ಧೋತರಾನೂ ಬಿಡಂಗಿಲ್ರಿ,” ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ.

ಭತ್ತದ ಸೀಮೆಯಲ್ಲಿ ಇಂಥ ತೋಟ ಹುಟ್ಟಿದ್ದು ಕೊಟ್ರಬಸಪ್ಪನವರ ತಂದೆ ಉಮಾಪತಿಯವರ ಹುಚ್ಚಿನಿಂದ. ಅವರು ಸರಕಿಗಾಗಿ ಕರಾವಳಿಯವರೆಗೂ ಹೋಗುತ್ತಿದ್ದವರು. ತಾವು ಹೋಗದ ಕಡೆಗೆ ಹೋಗುವವರನ್ನು ಹಿಡಿದು, “ಬರುವಾಗ ತಾಳಿ ಬೀಜ ತಗೊಂಡು ಬಾ” ಎಂದು ಗಂಟುಬೀಳುತ್ತಿದ್ದರು. ತಾಳೆಗೆ ಈ ಕಡೆ ತಾಳಿ ಎಂದೇ ಅನ್ನುವುದು. ತಾವರಗೇರಾದ ಒಬ್ಬ ಗಾಡಿಯವನಿಗೆ ಒಮ್ಮೆ ಅವಸರದಲ್ಲಿ “ತಾಳಿ ಮರೀಬ್ಯಾಡ” ಎಂದಷ್ಟೇ ಹೇಳಿದ್ದರಂತೆ. ಅವನು ತಿಂಗಳು ಬಿಟ್ಟು ಬಂದವನೇ, ಅರಿಶಿಣ ದಾರದಲ್ಲಿ ಪೋಣಿಸಿದ ಬಂಗಾರದ ತಾಳಿಯನ್ನು ಕೈಯಲ್ಲಿಟ್ಟು, “ಯಾರದ್ರೀ ಸಾವಕಾರ ಲಗ್ನ?” ಎಂದು ಕೇಳಿದನಂತೆ.

“ಆ ತಾಳಿ ಏನಾತು ಗೊತ್ತೇನ್ರಿ? ನನ್ನ ಕೊಳ್ಳಿಗೇ ಬಂತು,” ಎನ್ನುತ್ತಾಳೆ ಹುಲಿಗವ್ವ. ಆಗ ತೋಟದ ಮಾಲಿಯಾಗಿದ್ದ ಮಾರೆಪ್ಪನಿಗೆ ಮದುವೆ ಗೊತ್ತಾಗಿತ್ತು. ತಂದದ್ದನ್ನು ತಿರುಗಿ ಕಳಿಸುವುದೇಕೆ ಎಂದು ಸಾಹುಕಾರರು ಅವನಿಗೇ ಕೊಟ್ಟರು. ಅವಳು ಸೊಸೆಯಾಗಿ ಈ ತೋಟಕ್ಕೆ ಬಂದಾಗ ಶ್ರೀತಾಳೆ ಅವಳ ಮೊಣಕಾಲುದ್ದ ಇತ್ತು. ಇಬ್ಬರೂ ಇಲ್ಲೇ ದೊಡ್ಡವರಾದರು. ಮಾರೆಪ್ಪ ತೀರಿಕೊಂಡು ಬಹಳ ವರ್ಷಗಳಾದವು. “ಅವ ಕಟ್ಟಿದ ತಾಳಿ ಹೋತು. ನೆಲಕ್ಕ ಹಚ್ಚಿದ ತಾಳಿ ಅದಾವಲ್ರಿ,” ಎಂದು ಹೇಳಿ, ಕವಲಿಯ ಬುಡಕ್ಕೆ ನೀರು ಸುರಿಯುತ್ತಾಳೆ. ಆ ಮಾತನ್ನು ಅವಳು ದುಃಖದಿಂದ ಹೇಳುವುದಿಲ್ಲ. ಇದ್ದ ಸಂಗತಿ ಹೇಳಿದ ಹಾಗೆ ಹೇಳುತ್ತಾಳೆ.

ಸಸಿಗಳ ಸಾಲಿನಲ್ಲಿ ಕುಂಡಗಳ ಬದಲು ಒಡಕು ಕೊಡಗಳಿವೆ. ತಾಳೆಯ ಜಾತಿಗಳು ಮೊಳೆಯುವ ರೀತಿಯೇ ಬೇರೆ. ಅವರೆಕಾಳು, ಹೆಸರುಕಾಳು ಮೊಳೆತ ಹಾಗಲ್ಲ. ಬೀಜದಿಂದ ಮೊದಲು ಬಿಳಿಯ ಬಳ್ಳಿಯೊಂದು ಹೊರಟು ನೆಲದ ಆಳಕ್ಕೆ ಇಳಿಯುತ್ತದೆ. ಗಿಡ ಮೂಡುವುದು ಆ ಬಳ್ಳಿಯ ತುದಿಯಲ್ಲಿ, ಬೀಜದಿಂದ ದೂರ. ಹುಲಿಗವ್ವ ಅದನ್ನು ಹೊಕ್ಕಳಬಳ್ಳಿ ಎನ್ನುತ್ತಾಳೆ. ತಳ ತಾಗಿದರೆ ಬಳ್ಳಿ ಮುರುಟುತ್ತದೆ. ಅದಕ್ಕೇ ತಳವಿಲ್ಲದ ಕೊಡವನ್ನು ಮಣ್ಣಿನಲ್ಲಿ ಹೂಳಬೇಕು. ಮರಳಿಯಲ್ಲಿ ಯಾರ ಮನೆಯ ಕೊಡ ಸೀಳಿದರೂ ಅದು ತಿಪ್ಪೆಗೆ ಹೋಗುವುದಿಲ್ಲ, ಇಲ್ಲಿಗೆ ಬರುತ್ತದೆ.

ಸಾಲಿನ ಕೊನೆಗೆ ಆ ಮರ. ಊರಿನ ಯಾವ ಮಾಳಿಗೆಗಿಂತಲೂ ಎತ್ತರ. ಎಲೆಗಳೆಲ್ಲ ಜೋತುಬಿದ್ದು ಒಣಗಿವೆ. ಕಾಂಡದ ಸುತ್ತ ಬಣ್ಣ ಹೋದ ರವಿಕೆ ಖಣವೊಂದು, ಹಗ್ಗದಲ್ಲಿ ಪೋಣಿಸಿದ ಹಸಿರು ಬಳೆಗಳ ಸಾಲೊಂದು ಇನ್ನೂ ಇವೆ. ಸತ್ತ ಮರಕ್ಕೆ ಬಳೆ ಯಾಕೆ?

1938ರ ದಸರೆಯ ಹೊತ್ತಿಗೆ ಈ ಮರದ ನೆತ್ತಿಯಲ್ಲಿ ದೊಡ್ಡದೊಂದು ಮೊಗ್ಗು ಮೂಡಿ, ಒಡೆದು, ಕೆನೆಬಣ್ಣದ ಹೂಗೊಂಚಲು ನಾಲ್ಕೂ ಕಡೆ ಚೆಲ್ಲಿಕೊಂಡಿತು. ಶ್ರೀತಾಳೆ ಹೂ ಬಿಡುವುದು ಬಾಳಿನಲ್ಲಿ ಒಂದೇ ಸಲ. ಬಿಟ್ಟು, ಕಾಯಿ ಮಾಗಿಸಿ, ಸಾಯುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ಅಕ್ಕಿಗೆ ಬಂದ ಗಾಡಿಗಳವರು ನಿಂತು ನೋಡಿ ಹೋದರು. ಆದರೆ ಅದೇ ತಿಂಗಳು ಊರಲ್ಲಿ ಚಳಿಜ್ವರ ಎದ್ದಿತು. ತೋಟದ ಕೆಳಗಿನ ಗದ್ದೆಯ ರೈತ ಮುದಿಯಪ್ಪನ ಎತ್ತು ಸತ್ತಿತು. ನೆತ್ತಿಯ ಹೂವನ್ನು ಕಂಡು ಯಾರೋ ಅಂದರು: ಈ ತಾಳಿ ಮುದುಕಿಯಂಗ ತಲೆಗೂದಲು ಬಿಚ್ಚಿ ಹರವಿಕೊಂಡು ನಿಂತಾಳ, ಊರಿಗೆ ಛಲೋ ಅಲ್ಲ. ಮಾತು ಮನೆಮನೆಗೆ ಹೋಯಿತು. ದೀಪಾವಳಿಯೊಳಗೆ ಮರ ಕಡಿಯುವುದೆಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. ಕೊಟ್ರಬಸಪ್ಪನವರೂ ಅಡ್ಡ ಬರಲಿಲ್ಲ. “ಊರು ಎದುರು ಹಾಕ್ಕೊಂಡು ಒಂದು ಗಿಡ ಇಟಗೊಳ್ಳಾಕ ಆಕ್ಕೈತೇನ ಹುಲಿಗವ್ವ?” ಎಂದರಂತೆ.

ಹುಲಿಗವ್ವನಿಗೆ ಹೊಳೆದದ್ದು ಒಂದೇ ದಾರಿ. “ಕೂದಲಾ ಬಿಚ್ಚಿಲ್ಲ, ಹೂ ಮುಡದಾಳ. ಬಸರಿ ಅದಾಳ,” ಎಂದಳು. ಬಸುರಿಗೆ ಬಳೆ ತೊಡಿಸಿ ಮಡಿಲಿಗೆ ಉಡಿ ತುಂಬಬೇಕು. ಉಡಿ ತುಂಬಿಸಿಕೊಂಡವಳ ಮೇಲೆ ಈ ಸೀಮೆಯಲ್ಲಿ ಯಾರೂ ಕೈ ಎತ್ತುವುದಿಲ್ಲ. ಆದರೆ ಗಂಡ ಸತ್ತವಳು ತುಂಬಿದ ಉಡಿಯನ್ನು ಊರು ಒಪ್ಪುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೋಗಿ ಕರೆದದ್ದು ಕೊಡಲಿ ಹಿಡಿಯಲು ಒಪ್ಪಿದ್ದ ಮುದಿಯಪ್ಪನ ಹೆಂಡತಿ ಬಸವಣ್ಣೆಮ್ಮನನ್ನೇ.

ಅದೇ ಹೊತ್ತಿಗೆ ಊರಿಗೆ ಬಂದಿದ್ದ ಬಳೆಗಾರ ಚಾಂದಸಾಬನನ್ನೂ ತೋಟಕ್ಕೆ ಕರೆತಂದರು. ಅವನು ಬಳೆಯ ಮಲಾರವನ್ನು ಕೆಳಗಿಳಿಸಿ, ಮರವನ್ನು ಮೇಲಿಂದ ಕೆಳಗೆ ನೋಡಿ, “ಮುಂಗೈ ಕೊಡಾಕ ಹೇಳವ್ವಾ, ಅಳತಿ ನೋಡ್ತೀನಿ,” ಅಂದನಂತೆ.

“ನೀನೇ ಹತ್ತಿ ಹಿಡಕೊಳ್ಳೋ ಯಪ್ಪಾ,” ಅಂದಳಂತೆ ಬಸವಣ್ಣೆಮ್ಮ.

ಕೊನೆಗೆ ಅವನೇ ಹಗ್ಗಕ್ಕೆ ಹಸಿರು ಬಳೆ ಪೋಣಿಸಿ ಕಾಂಡಕ್ಕೆ ಸುತ್ತಿದ. ಬಸವಣ್ಣೆಮ್ಮ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು ಖಣದಲ್ಲಿ ಕಟ್ಟಿ, ಮರಕ್ಕೆ ಉಡಿ ತುಂಬಿದಳು. ಮುದಿಯಪ್ಪ ಕೊಡಲಿ ಹಿಡಿದು ಬಂದಾಗ ಅವಳು ಕಾಂಡಕ್ಕೆ ಬೆನ್ನು ಹಚ್ಚಿ ಕೂತಿದ್ದಳು.

ಆ ಮಾತುಕತೆಯನ್ನು ಹುಲಿಗವ್ವ ಈಗಲೂ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಾಳೆ:

“ಏಳು ಅಲ್ಲಿಂದ.”

“ನಾ ತುಂಬಿದ ಉಡಿ ಇದು. ಕಡಿಯಾವ ಇದ್ರ ಕಡಿ. ನಿನ್ನ ನಾಕು ಮಕ್ಕಳ ತೊಟ್ಟಿಲಾ ನಾಟಿ ದಿನದಾಗ ಈಕಿ ನೆಳ್ಳಾಗ ಕಟ್ಟಿದ್ದೆ. ಆವಾಗ ಎಲ್ಲಿ ಹೋಗಿತ್ತು ನಿನ್ನ ಕೊಡ್ಲಿ?”

“ಗಿಡ ಎಲ್ಲ್ಯಾರ ಬಸರ ಆಕ್ಕೈತೇನ ಹುಚ್ಚಿ?”

“ಆಕ್ಕೈತೋ ಇಲ್ಲೋ ಅದನ್ನ ಹೆಂಗಸರು ಹೇಳಬೇಕು, ನೀ ಅಲ್ಲ.”

ಮುದಿಯಪ್ಪ, ಗೆದ್ದ ಹಾಗೆಯೂ ಕಾಣಬೇಕು, ಮನೆಗೂ ಹೋಗಬೇಕು ಎಂಬ ಇಕ್ಕಟ್ಟಿನಲ್ಲಿ, “ಆತು, ಬಸರಿ ಅಂದಮ್ಯಾಲ ಒಂಬತ್ತು ತಿಂಗಳು. ಹತ್ತನೇದಕ್ಕ ನಾ ಬರಾವನ,” ಎಂದು ಹೊರಟುಹೋದ. ಹುಲಿಗವ್ವ ಒಪ್ಪಿದಳು. ತಪ್ಪಾದದ್ದು ಅಲ್ಲೇ. ಶ್ರೀತಾಳೆ ಕಾಯಿ ಮಾಗುವುದಕ್ಕೆ ಎಷ್ಟು ದಿನ ಬೇಕೆಂದು ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಮರುವರ್ಷ ಆಷಾಢದಲ್ಲಿ ಒಂಬತ್ತು ತಿಂಗಳು ತುಂಬಿತು. ನಿಂಬೆಯಷ್ಟು ಗಾತ್ರದ ಹಸಿರು ಕಾಯಿಗಳು ನೆತ್ತಿಯಲ್ಲಿ ಕಿಕ್ಕಿರಿದಿದ್ದವು, ಕೆಲವು ಉದುರುತ್ತಲೂ ಇದ್ದವು. ಮುದಿಯಪ್ಪ ಹೇಳಿದ ಮಾತಿನಂತೆ ಬಂದ. “ಬಿದ್ದಾವಲ್ಲ ಕಾಯಿ. ಹಡದಾಳ. ಇನ್ನೇನು?”

ಹುಲಿಗವ್ವ ಬಿದ್ದ ಕಾಯೊಂದನ್ನು ಕಲ್ಲಿನಿಂದ ಜಜ್ಜಿ ತೋರಿಸಿದಳು. ಒಳಗೆ ಗಟ್ಟಿ ಬೀಜವಿರಲಿಲ್ಲ, ನೀರು. “ಇನ್ನೂ ಎಲುಬು ಕೂಡಿಲ್ರೀ ಯಜಮಾನ್ರ. ದಿನ ತುಂಬಿಲ್ಲ.”

“ಒಂಬತ್ತಕ್ಕ ಒಪ್ಪಿದ್ದಿ ನೀ.”

ಗಂಡನಿಗೆ ಬುತ್ತಿ ತಂದಿದ್ದ ಬಸವಣ್ಣೆಮ್ಮ ಬುಟ್ಟಿಯನ್ನು ತಲೆಯಿಂದ ಇಳಿಸುತ್ತಲೇ ಕೇಳಿದಳಂತೆ: “ಒಂಬತ್ತು ಯಾರಿಗೆ? ಮನಶ್ಯಾರಿಗೆ. ನಿನ್ನ ಎಮ್ಮಿ ಎಷ್ಟು ತಿಂಗಳಿಗೆ ಈಯ್ತೈತಿ?”

“ಹತ್ತು.”

“ಕುದರಿ?”

“ಹನ್ನೊಂದು.”

“ಕತ್ತಿ?”

ಕತ್ತೆಯ ಲೆಕ್ಕ ಗೊತ್ತಿಲ್ಲದ ಮುದಿಯಪ್ಪ ಹಿಂದಕ್ಕೆ ತಿರುಗಿದ. ಹಿಂದೆ ನಿಂತಿದ್ದವರಲ್ಲಿ ಯಾರೋ, “ಹನ್ನೆರಡಲ್ರೀ,” ಎಂದರು.

“ಕತ್ತಿಗೇ ಹನ್ನೆರಡು ತಿಂಗಳು ಕೊಟ್ಟಾನ ದೇವರು. ಇಷ್ಟು ಎತ್ತರದಾಕಿಗೆ ಎಷ್ಟು ಬೇಕೋ ಏನೋ. ಅಕಿ ತಿಂಗಳು ಅಕಿಗೆ ಗೊತ್ತು. ಬಾ, ರೊಟ್ಟಿ ತಿನ್ನು.”

ಎಲ್ಲರೂ ನಕ್ಕರು. ಮುದಿಯಪ್ಪನೂ ನಕ್ಕ. ನಕ್ಕ ಮೇಲೆ ಕೊಡಲಿ ಎತ್ತುವುದು ಕಷ್ಟ. ಆ ಹೊತ್ತಿಗೆ ಜ್ವರವೂ ಊರು ಬಿಟ್ಟಿತ್ತು.

ಕಾಯಿ ಮಾಗಿದ್ದು ಎಳ್ಳಮಾವಾಸ್ಯೆಯ ಹತ್ತಿರ. ಉದುರಿದವನ್ನು ಬಳಿದು, ಒಳಗಿನ ಬೀಜ ಗೋಲಿಯಂತೆ ಗಟ್ಟಿಯಾಗಿದ್ದವನ್ನಷ್ಟೇ ಹುಲಿಗವ್ವ ಆರಿಸಿದಳು. ನೆಲದಲ್ಲಿ ಊರಿದ್ದನ್ನು ಹಂದಿಗಳು ಕೆದರಿ ತಿಂದವು. ಉಳಿದವನ್ನು ಸೀರೆಯಲ್ಲಿ ಕಟ್ಟಿ ತಿಪ್ಪೆಯ ಕಾವಿಗಿಟ್ಟಳು. ಅಂದಿನಿಂದ ಪ್ರತಿ ಹುಣ್ಣಿಮೆಗೂ ಗಂಟು ಬಿಚ್ಚುತ್ತಾಳೆ. ಬನದ ಹುಣ್ಣಿಮೆಗೆ ಏನೂ ಇಲ್ಲ. ಹೋಳಿಗೆ ಏನೂ ಇಲ್ಲ. ದವನದ ಹುಣ್ಣಿಮೆಯಲ್ಲಿ ಕೆಲವು ಕೊಳೆತಿದ್ದವು. ಈಚೆಗೆ ಊರಲ್ಲಿ ಅವಳನ್ನು ಕಂಡರೆ “ಸೂಲಗಿತ್ತಿ ಬಂದ್ಲು” ಎಂದು ಚೇಷ್ಟೆ ಮಾಡುತ್ತಾರಂತೆ.

ಈಗ ಬಿಸಿಲು ಬಂದಿದೆ. ನೀರು ಹಾಕಿ ಮುಗಿಸಿದ ಹುಲಿಗವ್ವ ತಿಪ್ಪೆಯ ಬಳಿ ಬಂದು ಕೈ ತೊಳೆಯುತ್ತಾಳೆ. ಕಾಲುವೆಯ ದಂಡೆಯ ಮೇಲೆ ಗಂಟೆಯ ಸದ್ದು. ಮುದಿಯಪ್ಪ ಕಾರಹುಣ್ಣಿಮೆಗೆ ಮೈತೊಳೆಯಲು ಎತ್ತುಗಳನ್ನು ಹೊಡೆದುಕೊಂಡು ಬಂದಿದ್ದಾನೆ. ಸತ್ತ ಎತ್ತಿನ ಜಾಗಕ್ಕೆ ಬಂದ ಹೊಸ ಎತ್ತಿನ ಕೊಂಬಿಗೆ ಆಗಲೇ ಕೆಂಪು ಬಣ್ಣ. ಅವನು ಎತ್ತುಗಳನ್ನು ನೀರಿಗೆ ಬಿಟ್ಟು ಬೇಲಿಯ ಬಳಿ ನಿಲ್ಲುತ್ತಾನೆ.

“ಏನಾರ ಐತೇನು?”

“ತಡೀರಿ ಯಜಮಾನ್ರ.”

ಗಂಟು ಹೊರಗೆ ಬರುತ್ತದೆ, ಹಬೆಯಾಡುತ್ತಿದೆ. ಹುಲಿಗವ್ವ ಒಂದೊಂದೇ ಮಡಿಕೆ ಬಿಡಿಸುತ್ತಾಳೆ. ಮೇಲಿನ ಬೀಜಗಳು ಹಾಗೇ ಇವೆ. ಅವುಗಳ ಕೆಳಗಿನವೂ ಹಾಗೇ. ಅವಳ ಬೆರಳು ನಿಧಾನವಾಗುತ್ತದೆ. ಗಂಟಿನ ಅಡಿಯಲ್ಲಿ, ಸೀರೆಯ ನೂಲಿನ ನಡುವೆ ನುಸುಳಿ, ಕಿರುಬೆರಳುದ್ದದ ಬಿಳಿಯ ಬಳ್ಳಿಯೊಂದು. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೊಂದು ಈಗಷ್ಟೇ ಬೀಜ ಸೀಳಿ ಮೂತಿ ಚಾಚಿದೆ.

ಹುಲಿಗವ್ವ ಬಟ್ಟೆ ಎಳೆಯುವುದಿಲ್ಲ. ಎಳೆದರೆ ಬಳ್ಳಿ ಕಿತ್ತೀತೆಂದು ಸೀರೆಯನ್ನೇ ಸುತ್ತಲೂ ಕತ್ತರಿಸುತ್ತಾಳೆ. ಬೇಲಿಯಾಚೆಯಿಂದ ಮುದಿಯಪ್ಪ, “ಬಸವಣ್ಣೆಮ್ಮಗ ಹೇಳಲೇನು?” ಎನ್ನುತ್ತಾನೆ.

“ಹೇಳ್ರಿ. ಹಂಗ ಒಂದು ಒಡಕ ಕೊಡ ಇದ್ರ ಕಳಸಾಕ ಹೇಳ್ರಿ.”

ಅವನು ತಲೆಯಾಡಿಸಿ, ಎತ್ತುಗಳನ್ನು ಮರೆತು ಮನೆಯ ಕಡೆ ನಡೆಯುತ್ತಾನೆ.

ಈ ಸಸಿ ಹತ್ತಾರು ವರ್ಷಗಳಾಚೆ ಹೂ ಬಿಡುವುದನ್ನು ನೋಡಲು ಹುಲಿಗವ್ವ ಇರುವುದಿಲ್ಲ. ಅವಳ ಎದುರಿಗೆ ನಿಂತವರೂ ಬಹುಶಃ ಇರುವುದಿಲ್ಲ. ಆಗ ಮತ್ತೆ ಯಾರಾದರೂ ಕೊಡಲಿ ತಂದರೆ?

ಅವಳು ಯೋಚಿಸುವುದೇ ಇಲ್ಲ, ಉತ್ತರ ಎಂದೋ ಸಿದ್ಧವಾಗಿದೆ. “ಅದಕ್ಕ ಊರಾಗಿನ ಹೆಣ್ಣ ಹುಡುಗ್ಯಾರಿಗೆಲ್ಲ ಹೇಳಿಟ್ಟೀನ್ರಿ. ತಾಳಿ ಬಸರಾದ್ರ ಕತ್ತಿಗಿಂತಾ ಎರಡು ತಿಂಗಳು ಹೆಚ್ಚು. ನನ್ನ ಹೆಸರಾ ಮರೀತಾರ, ಮರೀಲಿ. ಕತ್ತಿ ಲೆಕ್ಕಾನ ಯಾರೂ ಮರಿಯಂಗಿಲ್ಲ.”